ಮೊದಲ ಗಾಡಿಯೋ, ಮುಂದಿನ ಗಾಡಿಯೋ

2012ರ ಜೂನ್ 22ರಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಟೆಸ್ಲಾ ಕಂಪನಿ ಮಾಡೆಲ್ ಎಸ್ ಕಾರುಗಳನ್ನು ಮೊದಲ ಬಾರಿಗೆ ಗ್ರಾಹಕರಿಗೆ ಒಪ್ಪಿಸಿತು. ಅಮೆರಿಕದಲ್ಲಿ ಮಾರಲಿದ್ದ ಮೊದಲ ಸಾವಿರ ಕಾರುಗಳಿಗೆ ‘ಸಿಗ್ನೇಚರ್’ ಎಂದು ಹೆಸರಿಟ್ಟಿದ್ದರು. ಮಾಮೂಲಿ ಬುಕಿಂಗ್‌ಗೆ 5,000 ಡಾಲರ್ ಸಾಕಿತ್ತು. ಈ ಸಾವಿರದೊಳಗೆ ಜಾಗ ಬೇಕೆಂದರೆ 40,000 ಡಾಲರ್ ಮುಂಗಡ ಕಟ್ಟಬೇಕಿತ್ತು. ಮುಂಗಡ ಕಟ್ಟುವಾಗ ಓಡಿಸಿ ನೋಡಲು ಕಾರೇ ತಯಾರಾಗಿರಲಿಲ್ಲ. ಕಂಪನಿಗೆ ಅದಕ್ಕೆ ಮುಂಚೆ ಇದ್ದ ಅನುಭವವೆಂದರೆ ಎರಡು ಸೀಟಿನ ರೋಡ್‌ಸ್ಟರ್ ಒಂದೇ. ಅದರ ಒಡಲನ್ನೂ ಬ್ರಿಟನ್ನಿನ ಲೋಟಸ್ ಕಂಪನಿ ಕಟ್ಟಿಕೊಡುತ್ತಿತ್ತು. ಒಟ್ಟು ಮಾರಾಟವಾದದ್ದು ಸುಮಾರು 2,450 ಕಾರು.

ಹಾಗೆ ಮುಂದೆ ಬಂದು ಕೊಂಡವರು ಮಾಡಿದ್ದು ಸರಿಯೇ? ಅಥವಾ ಎರಡು ಮೂರು ವರ್ಷ ತಡೆದು, ಕಾರು ಸುಧಾರಿಸಿದ ಮೇಲೆ ಕೊಂಡವರು ಜಾಣರೇ? ಈ ಪ್ರಶ್ನೆ ಈಗ ನಮ್ಮ ಬಾಗಿಲಿಗೂ ಬಂದಿದೆ. ಅರವತ್ತು ಲಕ್ಷಕ್ಕೂ ಒಂದೂವರೆ ಕೋಟಿಗೂ ಬೆಲೆ ಬಾಳುವ ವಿದ್ಯುತ್ ಕಾರುಗಳು ಬೆಂಗಳೂರಿನ ರಸ್ತೆಗಳಲ್ಲಿ ಓಡಾಡುತ್ತಿವೆ. ಹೊಸ ಮಾದರಿಯೊಂದು ಬಂದಾಗಲೆಲ್ಲ ಕೊಳ್ಳುವ ಶಕ್ತಿಯುಳ್ಳವರ ಮನೆಯಲ್ಲಿ ಇದೇ ಚರ್ಚೆ: ಈಗಲೇ ತಗೊಳ್ಳೋಣವೇ, ಸ್ವಲ್ಪ ಕಾಯೋಣವೇ?

ಈ ಚರ್ಚೆ ಸಾಮಾನ್ಯವಾಗಿ ಸ್ವಭಾವದ ಚರ್ಚೆಯಾಗಿಬಿಡುತ್ತದೆ. ಮೊದಲು ಕೊಳ್ಳುವವನು ಉತ್ಸಾಹಿ, ಕಾಯುವವನು ವಿವೇಕಿ ಎಂದು ಹಂಚಿಬಿಡುತ್ತೇವೆ. ನನಗೆ ಇದು ಒಪ್ಪಿಗೆಯಿಲ್ಲ. ಇಲ್ಲಿ ನೋಡಬೇಕಾದದ್ದು ಎರಡು ಸಂಗತಿ. ಕಾಯುವುದಾದರೆ ಯಾವುದಕ್ಕಾಗಿ ಕಾಯುತ್ತೇವೆ ಎಂಬುದು ಒಂದು. ಮೊದಲ ವರ್ಷದ ಕಾರು ಕೆಟ್ಟರೆ ಆ ನಷ್ಟವನ್ನು ಯಾರು ಹೊರುತ್ತಾರೆ ಎಂಬುದು ಇನ್ನೊಂದು. ಇವೆರಡನ್ನೂ ಬಿಡಿಸಿಕೊಂಡರೆ ಮಾತ್ರ ಉತ್ತರ ಹತ್ತಿರ ಬರುತ್ತದೆ.

ಪೆಟ್ರೋಲ್ ಕಾರುಗಳ ಮೊದಲ ವರ್ಷದಲ್ಲೂ ದೋಷಗಳಿರುತ್ತವೆ. ಆದರೆ ಹಳೆಯ ಕಂಪನಿಯೊಂದು ಹೊಸ ಪೆಟ್ರೋಲ್ ಕಾರು ತಂದಾಗ ಅದರ ಎಂಜಿನ್ ಎಷ್ಟೋ ಬಾರಿ ಇನ್ನೊಂದು ಮಾದರಿಯಲ್ಲಿ ಲಕ್ಷಾಂತರ ಕಿಲೋಮೀಟರ್ ಓಡಿ ಪಳಗಿರುತ್ತದೆ. ಗೇರ್‌ಬಾಕ್ಸ್ ಕೂಡ ಹಾಗೆಯೇ. ಮಾಡೆಲ್ ಎಸ್‌ನಂಥ ಕಾರಿನಲ್ಲಿ ಬ್ಯಾಟರಿ ಪೆಟ್ಟಿಗೆ ಹೊಸದು, ಮೋಟಾರು ಹೊಸದು, ವಿದ್ಯುತ್ತನ್ನು ಹದಗೊಳಿಸುವ ಇನ್ವರ್ಟರ್ ಹೊಸದು, ಎಲ್ಲವನ್ನೂ ಆಳುವ ಸಾಫ್ಟ್‌ವೇರ್ ಹೊಸದು, ತಯಾರಿಸುವ ಕೈಗಳೂ ಹೊಸವು. ಇಷ್ಟು ಹೊಸತುಗಳು ಒಟ್ಟಿಗೆ ಸೇರಿದಾಗ ಯಾವುದು ಯಾವಾಗ ಕೈಕೊಡುತ್ತದೆ ಎಂದು ತಯಾರಕನಿಗೂ ತಿಳಿಯದು. ಮರುಭೂಮಿಯ ಬಿಸಿಲಿನಲ್ಲಿ ಓಡಿಸಿ ನೋಡಬಹುದು, ಹಿಮದಲ್ಲಿ ನಿಲ್ಲಿಸಿ ನೋಡಬಹುದು. ಐದು ವರ್ಷದ ಬಳಕೆಯನ್ನು ಮಾತ್ರ ಆರು ತಿಂಗಳಲ್ಲಿ ಪೂರ್ತಿಯಾಗಿ ನೋಡಲು ಬರುವುದಿಲ್ಲ.

ಇದಕ್ಕೆ ಒಂದು ಚಿಪ್ಪಿನ ಕಥೆ ಹೇಳುತ್ತೇನೆ. ಮಾಡೆಲ್ ಎಸ್‌ನ ಒಳಗೆ ಕೂತರೆ ಮೊದಲು ಕಣ್ಣಿಗೆ ಬೀಳುವುದು ನಡುವಿನ 17 ಇಂಚಿನ ಪರದೆ. ಎಸಿ, ಹಿಂದಿನ ಕ್ಯಾಮೆರಾ, ಗಾಜಿನ ಮಂಜು ತೆಗೆಯುವ ಗಾಳಿ, ನಕ್ಷೆ, ಹಾಡು ಎಲ್ಲವೂ ಅದರ ಮೇಲೆಯೇ. ಆ ಪರದೆಯ ಹಿಂದಿನ ಕಂಪ್ಯೂಟರಿನಲ್ಲಿ 8 ಜಿಬಿಯ ಒಂದು ಸಣ್ಣ ಮೆಮೊರಿ ಚಿಪ್ಪು ಇತ್ತು. ಇಂಥ ಚಿಪ್ಪಿನಲ್ಲಿ ಬರೆದು ಅಳಿಸುವುದಕ್ಕೆ ಮಿತಿಯಿದೆ. ಇದರ ಮಿತಿ ಸುಮಾರು 3,000 ಬಾರಿ. ಕಾರು ಓಡುವಾಗಲೆಲ್ಲ ಸಾಫ್ಟ್‌ವೇರು ತನ್ನ ದಿನಚರಿಯನ್ನು ಅದರ ಮೇಲೆ ಬರೆಯುತ್ತಲೇ ಇತ್ತು, ಹಳೆಯದನ್ನು ಅಳಿಸುತ್ತಲೇ ಇತ್ತು. ಕಾರಿಗೆ ಹೊಸ ಹೊಸ ಸೌಲಭ್ಯ ಬಂದಂತೆ ಚಿಪ್ಪಿನಲ್ಲಿ ಖಾಲಿ ಜಾಗವೂ ಕಡಿಮೆಯಾಯಿತು. ಐದಾರು ವರ್ಷಕ್ಕೆ ಚಿಪ್ಪು ಸವೆದುಹೋಗಿ ಪರದೆ ಕಪ್ಪಾಗುತ್ತಿತ್ತು. ಮೋಟಾರು ಓಡುತ್ತಿತ್ತು, ಬ್ಯಾಟರಿ ಗಟ್ಟಿಯಾಗಿತ್ತು, ಆದರೆ ಹಿಂದೆ ಏನಿದೆ ಎಂದು ಕ್ಯಾಮೆರಾ ತೋರಿಸುತ್ತಿರಲಿಲ್ಲ, ಚಳಿಗಾಲದಲ್ಲಿ ಮುಂದಿನ ಗಾಜಿನ ಮಂಜು ತೆಗೆಯಲಾಗುತ್ತಿರಲಿಲ್ಲ.

ಈಗ ವಾರಂಟಿಯ ಲೆಕ್ಕ ನೋಡಿ. ಬ್ಯಾಟರಿಗೆ ಎಂಟು ವರ್ಷ ಇತ್ತು. ಪರದೆ ಸೇರಿದಂತೆ ಕಾರಿನ ಉಳಿದ ಭಾಗಗಳಿಗೆ ಇದ್ದದ್ದು ನಾಲ್ಕು ವರ್ಷ ಅಥವಾ 50,000 ಮೈಲಿ. ಚಿಪ್ಪಿನ ಆಯಸ್ಸು ಐದಾರು ವರ್ಷ. ಅಂದರೆ ವಾರಂಟಿ ಮುಗಿದ ಮೇಲೆ ಕೆಡುವ ಭಾಗ ಅದು. ಹಾಗಾಗಿ ಎಷ್ಟೋ ಮಾಲೀಕರು ತಮ್ಮ ಜೇಬಿನಿಂದ ದುಡ್ಡು ಕೊಟ್ಟು ದುರಸ್ತಿ ಮಾಡಿಸಿಕೊಂಡರು. 2020ರ ಕೊನೆಗೆ ಕಂಪನಿ ಈ ಭಾಗದ ವಾರಂಟಿಯನ್ನು ಎಂಟು ವರ್ಷಕ್ಕೆ ಏರಿಸಿತು. ಅಷ್ಟೇ ಸಾಲದೆಂದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2021ರ ಜನವರಿಯಲ್ಲಿ ಪತ್ರ ಬರೆದು, ಕಾರುಗಳನ್ನು ವಾಪಸ್ ಕರೆಸಿ ಸರಿಪಡಿಸಿ ಎಂದು ಕೇಳಿತು. ಮರುತಿಂಗಳು ಸುಮಾರು 1,35,000 ಕಾರುಗಳ ರೀಕಾಲ್ ಆಯಿತು. ಆ ಪಟ್ಟಿಯಲ್ಲಿ 2012ರಿಂದ 2018ರ ಆರಂಭದವರೆಗೆ ತಯಾರಾದ ಮಾಡೆಲ್ ಎಸ್ ಕಾರುಗಳಿದ್ದವು.

ಈ ಕಥೆಯಿಂದ ಎರಡು ಪಾಠ ಹೊರಡುತ್ತವೆ, ಅವು ಒಂದಕ್ಕೊಂದು ಎದುರು ನಿಲ್ಲುತ್ತವೆ. ಮೊದಲ ವರ್ಷದ ಕಾರು ಕೊಂಡವನು ತನಗೆ ಗೊತ್ತಿಲ್ಲದ ಅಪಾಯವನ್ನು ಕೊಂಡಿದ್ದ ಎಂಬುದು ನಿಜ. ಆದರೆ ಎರಡು ಮೂರು ವರ್ಷ ಕಾದು 2015ರಲ್ಲಿ ಕೊಂಡವನಿಗೂ ಅದೇ ಚಿಪ್ಪು ಸಿಕ್ಕಿತು. ಬರೀ ಕಾಯುವುದರಿಂದ ಎಲ್ಲ ದೋಷವೂ ತೊಲಗುವುದಿಲ್ಲ. ಬೇಗ ಹೊರಬೀಳುವ ದೋಷವನ್ನು ಮಾತ್ರ ಕಾಯುವಿಕೆ ನಿವಾರಿಸುತ್ತದೆ.

ಬೇಗ ಹೊರಬಿದ್ದ ದೋಷಗಳೂ ಬೇಕಾದಷ್ಟಿದ್ದವು. ಆ ಕಾರಿನ ಬಾಗಿಲ ಹಿಡಿಗಳು ಬಾಗಿಲಿನೊಳಗೆ ಅಡಗಿ ಕೂತಿರುತ್ತವೆ. ಮಾಲೀಕ ಹತ್ತಿರ ಬಂದರೆ ತಾವೇ ಹೊರಗೆ ಚಾಚುತ್ತವೆ. ನೋಡಲು ಬಹಳ ಸೊಗಸು. ಒಳಗಿದ್ದ ಒಂದು ಪುಟ್ಟ ಲೋಹದ ಭಾಗ ಬಿರುಕು ಬಿಟ್ಟರೆ ಮೋಟಾರು ತಿರುಗುವ ಸದ್ದು ಕೇಳುತ್ತಿತ್ತು, ಹಿಡಿ ಮಾತ್ರ ಹೊರಗೆ ಬರುತ್ತಿರಲಿಲ್ಲ. ಮೋಟಾರು ಮತ್ತು ಗೇರು ಸೇರಿದ ಡ್ರೈವ್ ಯೂನಿಟ್ಟಿನಿಂದ ವೇಗ ಹೆಚ್ಚಿಸುವಾಗ ಗುಂಯ್ ಎಂಬ ಸದ್ದು ಬರತೊಡಗಿ, ಕೆಲವರ ಕಾರಿನಲ್ಲಿ ಇಡೀ ಯೂನಿಟ್ಟನ್ನೇ ಒಂದಕ್ಕಿಂತ ಹೆಚ್ಚು ಸಲ ಬದಲಾಯಿಸಬೇಕಾಯಿತು. ಮೊದಮೊದಲ ಬ್ಯಾಟರಿ ಪೆಟ್ಟಿಗೆಗಳು ಕಂಪನಿಯ ಸೂಪರ್‌ಚಾರ್ಜರಿನಲ್ಲಿ 90 ಕಿಲೋವ್ಯಾಟ್‌ಗಿಂತ ಹೆಚ್ಚು ವೇಗದಲ್ಲಿ ಚಾರ್ಜ್ ಆಗುತ್ತಿರಲಿಲ್ಲ. ಸ್ವಲ್ಪ ತಡವಾಗಿ ಕೊಂಡವರಿಗೆ 120 ಕಿಲೋವ್ಯಾಟ್ ಸಿಕ್ಕಿತು. 2014ರ ಅಕ್ಟೋಬರಿನಲ್ಲಿ ಎರಡು ಮೋಟಾರಿನ ಮಾದರಿಯನ್ನೂ ಆಟೋಪೈಲಟ್ ಸೌಲಭ್ಯವನ್ನೂ ಕಂಪನಿ ಪ್ರಕಟಿಸಿತು. ಆಟೋಪೈಲಟ್‌ಗೆ ಬೇಕಾದ ಕ್ಯಾಮೆರಾ, ರೇಡಾರ್‌ಗಳನ್ನು ಹಳೆಯ ಕಾರಿಗೆ ಜೋಡಿಸಿಕೊಡಲು ಆಗುವುದಿಲ್ಲ ಎಂದಿತು. ಕೆಲವೇ ವಾರ ಮುಂಚೆ ಕಾರು ಮನೆಗೆ ತಂದವರ ಸಂಕಟ ಎಂಥದ್ದಿರಬೇಕು!

ಇಷ್ಟಾದರೂ ಆ ಮಾಲೀಕರು ಅತೃಪ್ತರಾಗಿರಲಿಲ್ಲ ಎಂಬುದನ್ನು ಬಿಟ್ಟು ಮಾತಾಡಿದರೆ ಅದು ಅರ್ಧ ಸತ್ಯ. ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ 2015ರ ಆಗಸ್ಟಿನಲ್ಲಿ ಮಾಡೆಲ್ ಎಸ್‌ನ ಒಂದು ಮಾದರಿಗೆ ನೂರಕ್ಕೆ 103 ಅಂಕ ಕೊಟ್ಟು, ತನ್ನ ಅಳತೆಗೋಲೇ ಸಾಲದಾಯಿತು ಎಂದಿತು. ಎರಡೇ ತಿಂಗಳಲ್ಲಿ, ಮಾಲೀಕರು ವರದಿ ಮಾಡಿದ ದುರಸ್ತಿಗಳನ್ನು ನೋಡಿ, ಕೊಳ್ಳಬಹುದೆಂಬ ಶಿಫಾರಸನ್ನು ಹಿಂತೆಗೆದುಕೊಂಡಿತು. ಅದೇ ಮಾಲೀಕರಲ್ಲಿ ನೂರಕ್ಕೆ 97 ಮಂದಿ ಮತ್ತೆ ಇದೇ ಕಾರನ್ನು ಕೊಳ್ಳುತ್ತೇವೆ ಎಂದಿದ್ದರು. ಇದು ವಿಚಿತ್ರವಾಗಿ ಕಾಣಬಹುದು. ಕಾರಣ ಹುಡುಕಿದರೆ ಒಂದು ದೊಡ್ಡ ಉತ್ತರ ಸಿಗುತ್ತದೆ. 2014ರ ಆಗಸ್ಟಿನಲ್ಲಿ ಕಂಪನಿ ಡ್ರೈವ್ ಯೂನಿಟ್ಟಿಗೂ ಎಂಟು ವರ್ಷದ, ಮೈಲಿಯ ಮಿತಿಯಿಲ್ಲದ ವಾರಂಟಿ ಕೊಟ್ಟಿತು. ಅದೂ ಹಿಂದಿನಿಂದ ಅನ್ವಯವಾಗುವಂತೆ: ಅದುವರೆಗೆ 85 ಕಿಲೋವ್ಯಾಟ್ ಅವರ್ ಬ್ಯಾಟರಿಯ ಕಾರು ಕೊಂಡಿದ್ದ ಎಲ್ಲರಿಗೂ, ಕಾರು ಕೈ ಬದಲಾಗಿದ್ದರೆ ಹೊಸ ಮಾಲೀಕನಿಗೂ. ಕೆಟ್ಟದ್ದು ಕೆಟ್ಟಿತು, ದುಡ್ಡು ಹೋದದ್ದು ತಯಾರಕನದು, ಕೊಂಡವನದಲ್ಲ. ಜೊತೆಗೆ 2017ಕ್ಕೆ ಮುಂಚೆ ಕೊಂಡವರಲ್ಲಿ ಬಹುಪಾಲು ಮಂದಿಗೆ ಸೂಪರ್‌ಚಾರ್ಜರುಗಳಲ್ಲಿ ಪುಕ್ಕಟೆ ಚಾರ್ಜಿಂಗ್ ಸಿಕ್ಕಿತ್ತು. ತಡವಾಗಿ ಬಂದ ಎಷ್ಟೋ ಮಂದಿಗೆ ಆ ಭಾಗ್ಯ ಇರಲಿಲ್ಲ.

ನನ್ನ ವಾದದ ಗಟ್ಟಿ ನೆಲ ಇದು. ಡ್ರೈವ್ ಯೂನಿಟ್ಟಿನ ವಿಷಯದಲ್ಲಿ ಮೊದಲ ಗ್ರಾಹಕ ಪಾಲುದಾರನಂತೆ ನಡೆಸಿಕೊಳ್ಳಲ್ಪಟ್ಟ. ಚಿಪ್ಪಿನ ವಿಷಯದಲ್ಲಿ ಅದೇ ಗ್ರಾಹಕ ವರ್ಷಗಟ್ಟಲೆ ಒಂಟಿಯಾಗಿ ಉಳಿದುಹೋದ. ಒಂದೇ ಕಾರು, ಒಂದೇ ಕಂಪನಿ. ಬೇರೆಯಾದದ್ದು ಹೊಣೆಗಾರಿಕೆ.

ಹೊಣೆ ಹೊರಬೇಕಾದವನೇ ಇಲ್ಲವಾದರೆ? ಫಿಸ್ಕರ್ ಕರ್ಮ ಎಂಬ ಕಾರು 2011ರಲ್ಲಿ ಬಂತು. ಬ್ಯಾಟರಿಯ ಜೊತೆ ಪೆಟ್ರೋಲ್ ಎಂಜಿನ್ನೂ ಇದ್ದ ದುಬಾರಿ ಕಾರು, ಕಣ್ಣು ಕೀಳಲಾಗದಷ್ಟು ಚೆಲುವಾದದ್ದು. ಕನ್ಸ್ಯೂಮರ್ ರಿಪೋರ್ಟ್ಸ್ ಒಂದು ಲಕ್ಷ ಡಾಲರಿಗೂ ಮೀರಿ ಕೊಟ್ಟು ಕೊಂಡಿದ್ದ ಕರ್ಮ 2012ರ ಮಾರ್ಚಿನಲ್ಲಿ ಪರೀಕ್ಷೆಗೆ ಮುಂಚೆಯೇ ನಿಂತುಹೋಯಿತು. ಅದಕ್ಕೆ ಬ್ಯಾಟರಿ ಕೊಡುತ್ತಿದ್ದ ಎ123 ಕಂಪನಿ ಅದೇ ವರ್ಷ ದಿವಾಳಿಯಾಯಿತು, ಮರುವರ್ಷ ಫಿಸ್ಕರ್ ಕೂಡ. ಕರ್ಮವನ್ನು ರೂಪಿಸಿದ ವಿನ್ಯಾಸಕನೇ ಮತ್ತೆ ಕಟ್ಟಿದ ಕಂಪನಿ ಓಷನ್ ಎಂಬ ವಿದ್ಯುತ್ ಕಾರನ್ನು ತಂದು, 2024ರ ಜೂನ್‌ನಲ್ಲಿ ಅದೂ ದಿವಾಳಿ ಅರ್ಜಿ ಹಾಕಿತು. ಕಾರು ಕೊಂಡವರು ಬಿಡಿಭಾಗಕ್ಕೂ ಸಾಫ್ಟ್‌ವೇರಿಗೂ ತಾವೇ ಸಂಘ ಕಟ್ಟಿಕೊಂಡು ಓಡಾಡಬೇಕಾಯಿತು. ಪೆಟ್ರೋಲ್ ಕಾರಿನ ಕಂಪನಿ ಮುಚ್ಚಿದರೆ ಒಳ್ಳೆಯ ಮೆಕ್ಯಾನಿಕ್ ಒಬ್ಬ ಹೇಗೋ ಓಡಿಸಿಕೊಡುತ್ತಾನೆ. ಸಾಫ್ಟ್‌ವೇರಿನ ಬೀಗ ಹಾಕಿದ ಕಾರನ್ನು ರಸ್ತೆ ಬದಿಯ ಗ್ಯಾರೇಜು ಉಳಿಸಲಾರದು.

ದೊಡ್ಡ ಹೆಸರು ಇದ್ದರೆ ಈ ಭಯವಿಲ್ಲ ಎನ್ನುವವರಿಗೆ ಜಾಗ್ವಾರ್ ಐ-ಪೇಸ್ ನೆನಪಿಸಬೇಕು. 2018ರಲ್ಲಿ ಬಂದ ಈ ಕಾರು 2019ರಲ್ಲಿ ವಿಶ್ವದ ವರ್ಷದ ಕಾರು ಎಂಬ ಪ್ರಶಸ್ತಿ ಪಡೆಯಿತು. ಮುಂದೆ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯ ಕಂಡುಬಂದು, ಅಮೆರಿಕದ ಮಾಲೀಕರಿಗೆ ಶೇ 80ಕ್ಕಿಂತ ಹೆಚ್ಚು ಚಾರ್ಜ್ ಮಾಡಬೇಡಿ, ಕಟ್ಟಡದಿಂದ ದೂರ ನಿಲ್ಲಿಸಿ ಎಂದು ಹೇಳಬೇಕಾಯಿತು. ಕಡೆಗೆ 2024ರಲ್ಲಿ, ಅಲ್ಲಿ ಮಾರಿದ್ದ 2019ರ ಮಾದರಿಯ ಸುಮಾರು 2,760 ಕಾರುಗಳನ್ನು ಕಂಪನಿಯೇ ವಾಪಸ್ ಕೊಂಡುಕೊಂಡಿತು. ಕಷ್ಟ ದೊಡ್ಡದಾದರೂ ಮಾಲೀಕನ ಕೈಗೆ ದುಡ್ಡು ಮರಳಿತು. ಹೆಸರಿನ ಬೆಲೆ ಏನಾದರೂ ಇದ್ದರೆ ಅದು ಇಲ್ಲಿದೆ.

ಇನ್ನು ದುಡ್ಡಿನ ಮಾತು. ನಮ್ಮಲ್ಲಿ ಹೊಸ ಬಡಾವಣೆಯಲ್ಲಿ ಮೊದಲು ಸೈಟು ಕೊಂಡವರಿಗೆ ನೀರಿಲ್ಲ, ಡಾಂಬರಿಲ್ಲ, ಬೀದಿ ದೀಪವಿಲ್ಲ. ಆದರೆ ಬೆಲೆ ಕಡಿಮೆ ಇರುತ್ತದೆ, ಪಟ್ಟ ಕಷ್ಟಕ್ಕೆ ಮುಂದೆ ಫಲ ಸಿಗುತ್ತದೆ. ದುಬಾರಿ ವಿದ್ಯುತ್ ಕಾರಿನಲ್ಲಿ ಇದು ತಿರುಗುಮುರುಗು. ಕಷ್ಟ ಪಡುವ ಮೊದಲಿಗನೇ ಹೆಚ್ಚು ಬೆಲೆ ಕೊಡುತ್ತಾನೆ. ಅವನ ಅನುಭವದಿಂದ ಕಲಿತು ತಿದ್ದಿದ ಕಾರನ್ನು ಹಿಂದೆ ಬಂದವನು ಕಡಿಮೆಗೆ ಒಯ್ಯುತ್ತಾನೆ. 2010ರಲ್ಲಿ ಒಂದು ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಸಾವಿರ ಡಾಲರಿಗೂ ಹೆಚ್ಚು ಬೀಳುತ್ತಿತ್ತು. 2024ರಲ್ಲಿ ಅದು ಸರಾಸರಿ 115 ಡಾಲರ್. 2023ರ ಜನವರಿಯಲ್ಲಿ ಟೆಸ್ಲಾ ಅಮೆರಿಕದಲ್ಲಿ ಮಾಡೆಲ್ ವೈ ಲಾಂಗ್ ರೇಂಜ್ ಕಾರಿನ ಬೆಲೆಯನ್ನು 65,990 ಡಾಲರಿನಿಂದ 52,990 ಡಾಲರಿಗೆ ಒಂದೇ ಏಟಿಗೆ ಇಳಿಸಿತು. ಡಿಸೆಂಬರಿನಲ್ಲಿ ಕೊಂಡವನ ಕಾರಿನ ಮರುಮಾರಾಟ ಬೆಲೆ ರಾತ್ರೋರಾತ್ರಿ ಕುಸಿಯಿತು.

ಹಾಗಾದರೆ ಕಾಯುವುದೇ ಸರಿ ಎಂದು ಮುಗಿಸಬಹುದೇ? ಮುಗಿಸಬಾರದು. ಕಾಯುವವನು ಎರಡು ಬೇರೆ ಬೇರೆ ಸಂಗತಿಗಳನ್ನು ಬೆರೆಸುತ್ತಾನೆ. ಒಂದು, ಆ ಮಾದರಿ ಪಳಗುವುದು: ಹಿಡಿ ಮುರಿಯುವುದು ನಿಲ್ಲುವುದು, ಸಾಫ್ಟ್‌ವೇರಿನ ಗೊಂದಲ ಕಳೆಯುವುದು, ಕಾರ್ಖಾನೆಯವರ ಕೈ ಕುದುರುವುದು. ಇದಕ್ಕೆ ಎರಡು ಮೂರು ವರ್ಷ ಸಾಕು. ಪೋರ್ಷೆ ಟೈಕಾನ್‌ನ ಮೊದಲ ಕಾರುಗಳು ಚಲಿಸುವಾಗಲೇ ಶಕ್ತಿ ಕಳೆದುಕೊಳ್ಳುವ ದೋಷಕ್ಕಾಗಿ 2021ರಲ್ಲಿ ಸುಮಾರು 43,000 ಕಾರುಗಳ ಸಾಫ್ಟ್‌ವೇರು ಬದಲಾಯಿಸಬೇಕಾಯಿತು. ಅದಾದ ಮೇಲೆ ಕೊಂಡವರಿಗೆ ಆ ತೊಂದರೆ ಇರಲಿಲ್ಲ. ಇನ್ನೊಂದು, ತಂತ್ರಜ್ಞಾನ ಬೆಳೆಯುವುದು. ಇದೇ ಟೈಕಾನ್‌ನ ದೊಡ್ಡ ಬ್ಯಾಟರಿ 2024ರಲ್ಲಿ 93.4ರಿಂದ 105 ಕಿಲೋವ್ಯಾಟ್ ಅವರ್‌ಗೆ ಏರಿತು, ಚಾರ್ಜಿಂಗ್ ವೇಗ 270ರಿಂದ 320 ಕಿಲೋವ್ಯಾಟ್‌ಗೆ. ಈ ಬೆಳವಣಿಗೆಗೆ ಕೊನೆಯೆಂಬುದಿಲ್ಲ. ಘನ ಎಲೆಕ್ಟ್ರೋಲೈಟಿನ ಬ್ಯಾಟರಿ ಬರಲಿ, ಆಮೇಲೆ ಕೊಳ್ಳೋಣ ಎಂದು ಹೇಳುವವರನ್ನು ನಾನು ವರ್ಷಗಳಿಂದ ಕೇಳುತ್ತಿದ್ದೇನೆ. ಅವರು ಇಂದಿಗೂ ಹಳೆಯ ಡೀಸೆಲ್ ಗಾಡಿಯಲ್ಲೇ ಇದ್ದಾರೆ. ಮಾದರಿ ಪಳಗಲಿ ಎಂದು ಕಾಯುವುದು ಲೆಕ್ಕಾಚಾರ. ತಂತ್ರಜ್ಞಾನ ಪೂರ್ತಿಯಾಗಲಿ ಎಂದು ಕಾಯುವುದು ಕೊಳ್ಳದಿರುವುದಕ್ಕೆ ಒಂದು ನೆಪ.

ಕಾಯುವುದಕ್ಕೂ ಬೆಲೆಯಿದೆ ಎಂದು ಕರ್ನಾಟಕದಲ್ಲೇ ಕಂಡಿದ್ದೇವೆ. ಮರ್ಸಿಡಿಸ್ ಇಕ್ಯುಸಿ 2020ರ ಅಕ್ಟೋಬರಿನಲ್ಲಿ 99.30 ಲಕ್ಷ ರೂಪಾಯಿ ಎಕ್ಸ್ ಶೋರೂಂ ಬೆಲೆಗೆ ಭಾರತಕ್ಕೆ ಬಂತು. ಆಮೇಲೆ ಆಡಿ, ಬಿಎಂಡಬ್ಲ್ಯು, ಪೋರ್ಷೆಗಳ ವಿದ್ಯುತ್ ಕಾರುಗಳು ಬಂದವು. ಆಗ ರಾಜ್ಯದಲ್ಲಿ ವಿದ್ಯುತ್ ವಾಹನಕ್ಕೆ ರಸ್ತೆ ತೆರಿಗೆಯೇ ಇರಲಿಲ್ಲ, ಬೆಲೆ ಎಷ್ಟೇ ಇರಲಿ. 2024ರಲ್ಲಿ 25 ಲಕ್ಷಕ್ಕಿಂತ ದುಬಾರಿಯಾದ ವಿದ್ಯುತ್ ಕಾರುಗಳ ಮೇಲೆ ಶೇ 10ರ ಜೀವಿತಾವಧಿ ತೆರಿಗೆ ಬಂತು. ಒಂದು ಕೋಟಿಯ ಕಾರಿಗೆ ಹತ್ತು ಲಕ್ಷ. ಇನ್ನೂ ಒಳ್ಳೆಯ ಮಾದರಿ ಬರಲಿ ಎಂದು ತಡೆದ ಬೆಂಗಳೂರಿನ ಗ್ರಾಹಕ ಆ ಹತ್ತು ಲಕ್ಷವನ್ನು ಕಾಯುವಿಕೆಗೇ ಕೊಟ್ಟಂತಾಯಿತು. ಇನ್ನೊಂದು ಬಗೆಯ ಕಾಯುವಿಕೆಯೂ ಇತ್ತು: 2016ರಲ್ಲಿ ಸಾವಿರ ಡಾಲರ್ ಕಟ್ಟಿ ಟೆಸ್ಲಾ ಮಾಡೆಲ್ 3 ಬುಕ್ ಮಾಡಿದ ಭಾರತೀಯರು. ಕಂಪನಿ ಮುಂಬೈಯಲ್ಲಿ ಮೊದಲ ಶೋರೂಂ ತೆರೆದದ್ದು 2025ರ ಜುಲೈನಲ್ಲಿ. ಮಾರಾಟಕ್ಕೆ ಇಟ್ಟದ್ದು ಮಾಡೆಲ್ ವೈ.

ನಮ್ಮಲ್ಲಿ ಮೊದಲ ಗ್ರಾಹಕನ ಕಷ್ಟ ಅಮೆರಿಕದವನದಕ್ಕಿಂತ ಹೆಚ್ಚು ಎಂಬುದನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ತಯಾರಕನ ಕಾರ್ಖಾನೆ ಹತ್ತಿರ, ಬಿಡಿಭಾಗ ಹತ್ತಿರ. ಇಲ್ಲಿ ಹೊರದೇಶದಿಂದ ಬಂದ ಕಾರಿನ ಒಂದು ಸಣ್ಣ ಭಾಗ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಹೈ ವೋಲ್ಟೇಜ್ ಬ್ಯಾಟರಿ ಬಿಚ್ಚಲು ತರಬೇತಾದವರು ದೊಡ್ಡ ನಗರಗಳ ಸರ್ವಿಸ್ ಸೆಂಟರುಗಳಲ್ಲಿ ಮಾತ್ರ ಸಿಗುತ್ತಾರೆ. ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ಇರುವವರು ಗಾಡಿಯನ್ನು ಲಾರಿಯ ಮೇಲೆ ಹೇರಿ ಕಳಿಸಬೇಕಾಗುತ್ತದೆ. ಕಾರು ಮಾರುವಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಆದರೂ ಮೊದಲು ಕೊಳ್ಳುವವರ ಬಗ್ಗೆ ನನಗೆ ಗೌರವವಿದೆ. ಬೆಂಗಳೂರಿನಲ್ಲಿ 2001ರಲ್ಲಿ ರೇವಾ ಬಂದಾಗ ಸೀಸದ ಬ್ಯಾಟರಿಯ ಆ ಪುಟ್ಟ ಕಾರನ್ನು ಕೊಂಡು, ಕೆಲವೇ ವರ್ಷಕ್ಕೆ ಬ್ಯಾಟರಿ ಬದಲಾಯಿಸುತ್ತ ಓಡಿಸಿದವರಿದ್ದರು. ಅದು ಐಷಾರಾಮಿ ಕಾರಲ್ಲ, ಆದರೆ ಅವರು ವಹಿಸಿದ ಪಾತ್ರ ಅದೇ. ಟೆಸ್ಲಾದ ಇಲಾನ್ ಮಸ್ಕ್ 2006ರಲ್ಲೇ ತಮ್ಮ ಯೋಜನೆಯನ್ನು ಬಹಿರಂಗವಾಗಿ ಬರೆದಿದ್ದರು: ಮೊದಲು ದುಬಾರಿ ಕಾರು ಮಾರುವುದು, ಆ ಹಣದಿಂದ ಅದಕ್ಕಿಂತ ಅಗ್ಗದ ಕಾರು, ಆ ಹಣದಿಂದ ಇನ್ನೂ ಅಗ್ಗದ್ದು. ಯೋಜನೆ ಬಹುಮಟ್ಟಿಗೆ ಹಾಗೆಯೇ ನಡೆಯಿತು. ಮೊದಲ ಸಾವಿರ ಜನರಂಥವರು ಮುಂದೆ ಬರದಿದ್ದರೆ ಮಾಡೆಲ್ 3 ಬರುವುದು ಕಷ್ಟವಿತ್ತು. ಮಿಕ್ಕ ಕಂಪನಿಗಳು ವಿದ್ಯುತ್ ಕಾರಿಗೆ ಇಷ್ಟು ಬೇಗ ಕೈಹಾಕುತ್ತಿದ್ದವು ಎಂದೂ ನನಗೆ ಅನ್ನಿಸುವುದಿಲ್ಲ. ಎಲ್ಲರೂ ಕಾದಿದ್ದರೆ ಕಾಯುವವರಿಗೂ ಏನೂ ಸಿಗುತ್ತಿರಲಿಲ್ಲ.

ಮೊದಲು ಕೊಳ್ಳುವವರ ಈ ಪಾತ್ರವನ್ನು ನೆಪ ಮಾಡಿಕೊಂಡು ತಯಾರಕ ತನ್ನ ಹೊಣೆಯಿಂದ ಜಾರಿಕೊಳ್ಳುವುದು ಮಾತ್ರ ಅನ್ಯಾಯ. ಮೊದಲ ಕಾರುಗಳು ಪ್ರಯೋಗವೇ ಆಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ಪ್ರಯೋಗದ ಖರ್ಚನ್ನು ತಾನೇ ಹೊರಬೇಕು. ಮೊದಲ ವರ್ಷದ ಕಾರಿಗೆ ಮೂರನೆಯ ವರ್ಷದ ಕಾರಿಗಿಂತ ಉದ್ದದ ವಾರಂಟಿ ಇರಬೇಕು. ಇಂದು ಎರಡಕ್ಕೂ ಒಂದೇ ವಾರಂಟಿ ಕೊಟ್ಟು ಅದನ್ನೇ ಉಪಕಾರವೆಂಬಂತೆ ಹೇಳುತ್ತಾರೆ. ಬ್ಯಾಟರಿಯ ಎಂಟು ವರ್ಷವನ್ನು ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಹಾಕಿ, ಪರದೆ, ಕಂಪ್ಯೂಟರುಗಳ ವಾರಂಟಿಯನ್ನು ಸಣ್ಣಕ್ಷರದಲ್ಲಿ ಅಡಗಿಸುವುದು ನಿಲ್ಲಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ದೋಷವಿರುವ ವಾಹನಗಳನ್ನು ವಾಪಸ್ ಕರೆಸುವಂತೆ ಆದೇಶಿಸುವ ಅಧಿಕಾರವನ್ನು ನಮ್ಮ ಸರ್ಕಾರಕ್ಕೂ ಕೊಟ್ಟಿದೆ. ಸಾಫ್ಟ್‌ವೇರು, ಪರದೆಗಳ ದೋಷಕ್ಕೂ ಅದನ್ನು ಹಿಂಜರಿಯದೆ ಬಳಸಬೇಕು.

ಕೊಳ್ಳುವವರಿಗೆ ನನ್ನ ಮಾತು ಹೀಗಿದೆ. ಮನೆಯಲ್ಲಿ ಇನ್ನೊಂದು ಕಾರಿದೆ, ಹೋದ ಹಣ ನಿಮ್ಮ ಬದುಕನ್ನು ಅಲುಗಿಸುವುದಿಲ್ಲ, ಹೊಸತನ್ನು ಮೊದಲು ಮುಟ್ಟುವ ಆಸೆ ನಿಜವಾದದ್ದು ಎಂದಾದರೆ ಮೊದಲ ವರ್ಷದ ಕಾರನ್ನು ಧಾರಾಳವಾಗಿ ಕೊಳ್ಳಿ. ಸಾಲ ಮಾಡಿ ಕೊಳ್ಳುವವರು, ಅದೊಂದೇ ಕಾರನ್ನು ನೆಚ್ಚಿ ದಿನವೂ ಓಡಾಡಬೇಕಾದವರು, ಸರ್ವಿಸ್ ಸೆಂಟರಿನಿಂದ ನೂರಾರು ಕಿಲೋಮೀಟರ್ ದೂರ ಇರುವವರು ಆ ಮಾದರಿಯ ಎರಡನೆಯ ಅಥವಾ ಮೂರನೆಯ ವರ್ಷದವರೆಗೆ ತಡೆಯಿರಿ, ಅದಕ್ಕಿಂತ ಹೆಚ್ಚು ಬೇಡ. ಯಾರೇ ಆಗಲಿ, ಬುಕಿಂಗ್ ಹಣ ಕಟ್ಟುವ ಮುಂಚೆ ಶೋರೂಮಿನವರಿಂದ ನಾಲ್ಕು ಉತ್ತರಗಳನ್ನು ಬರಹದಲ್ಲಿ ಪಡೆಯಿರಿ: ಬ್ಯಾಟರಿಗೆ ಎಷ್ಟು ವರ್ಷ, ಮೋಟಾರಿಗೆ ಎಷ್ಟು ವರ್ಷ, ಪರದೆ ಮತ್ತು ಕಂಪ್ಯೂಟರಿಗೆ ಎಷ್ಟು ವರ್ಷ, ಗಾಡಿ ತಿಂಗಳುಗಟ್ಟಲೆ ವರ್ಕ್‌ಶಾಪಿನಲ್ಲಿ ನಿಂತರೆ ಬದಲಿ ಕಾರು ಕೊಡುತ್ತೀರಾ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಬುಕಿಂಗ್ ಮಾಡದೆ ಎದ್ದು ಬನ್ನಿ.